ಎಲೆಕೋಣೆಯಲ್ಲಿಟ್ಟ ಇಂಗ್ಲಿಷ್ ಶಬ್ದಗಳು

ಇವತ್ತು ಮಾಡಿದ ಕೆಲಸ: ಅಂಗಳ ಗುಡಿಸಿ ನೀರು ಹೊಡೆದದ್ದು, ನಳ ಬಂತೆಂದು ಹಂಡೆ-ಕೊಡಗಳನ್ನೆಲ್ಲ ತುಂಬಿಸಿಕೊಂಡದ್ದು, ಹಾಲು ಕಾಸಿದ್ದು, ನಿನ್ನೆ ನೆನೆಹಾಕಿದ್ದ ಹೆಸರುಕಾಳು ಬಸಿದು ಅರಿವೆಯಲ್ಲಿ ಕಟ್ಟಿಟ್ಟದ್ದು, ರೊಟ್ಟಿ ಬಡಿದದ್ದು, ಸೊಸೆಗೆ ಬುತ್ತಿ ಕಟ್ಟಿದ್ದು, ಅತ್ತೆಯ ಕಣ್ಣಿಗೆ ಔಷಧದ ಹನಿ ಹಾಕಿದ್ದು, ಯಜಮಾನರ ಅಂಗಿಗೆ ಗುಂಡಿ ಹಚ್ಚಿದ್ದು, ಹೊಸದಾಗಿ ಬಂದ ಎಲೆಬುಟ್ಟಿಗಳನ್ನು ಇಳಿಸಿಕೊಂಡು ಎಲೆಕೋಣೆಯ ನೆಲ ಒರೆಸಿದ್ದು, ಮಧ್ಯಾಹ್ನ ಕುಳಿತು ಎಲೆ ಆರಿಸಿದ್ದು. ಇವೆಲ್ಲ ದಿನವೂ ಇದ್ದದ್ದೇ. ಇವತ್ತು ಹೆಚ್ಚಿಗೆ ಮಾಡಿದ್ದು ಒಂದೇ ಕೆಲಸ. ಆಗಾಗ ಎದ್ದು ಬಾಗಿಲಿಗೆ ಬಂದು ಶಿಗ್ಗಾಂವಿ ಬಸ್ಸಿನಿಂದ ಇಳಿದವರು ಯಾರಾದರೂ ಓಣಿಯೊಳಗೆ ಬರುತ್ತಿದ್ದಾರೇನೋ ಎಂದು ನೋಡಿದ್ದು.

ಸೊಸೆ ಬೆಳಗಿನ ಬಸ್ಸಿಗೆ ಶಿಗ್ಗಾಂವಿಗೆ ಹೋಗಿದ್ದಳು. ಅವಳ ಪಿಎಚ್‌ಡಿ ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವ ಮೇಡಂ ಅಲ್ಲಿರುತ್ತಾರೆ. ಅವರು ಪ್ರಬಂಧ ನೋಡಿ ಸಹಿ ಮಾಡಿದರೆ ಮುಂದಿನ ವಾರ ವಿಶ್ವವಿದ್ಯಾಲಯಕ್ಕೆ ಕೊಡಬಹುದು. ಸಹಿ ಮಾಡದಿದ್ದರೆ ಈ ವರ್ಷ ಅವಳ ಕೆಲಸವಿಲ್ಲ.

ಕೆಲಸವೆಂದರೆ ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವುದು. ಅತಿಥಿ ಉಪನ್ಯಾಸಕಿ ಎಂದು ಅದಕ್ಕೆ ಹೆಸರು. ನಮ್ಮ ಸವಣೂರಿನಿಂದ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ, ಎರಡು ಬಸ್ಸು ಬದಲಿಸಿ ಬರುತ್ತಾಳೆ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಈ ಸಲ ಪ್ರಿನ್ಸಿಪಾಲರು ಕರೆದು, ಕಾಲೇಜು ಶುರುವಾಗುವುದರೊಳಗೆ ಪ್ರಬಂಧ ಸಲ್ಲಿಸಿದವರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಹೇಳಿಬಿಟ್ಟಿದ್ದರು. ಅವಳ ಜಾಗಕ್ಕೆ ಬರಲು ಪ್ರಬಂಧ ಸಲ್ಲಿಸಿದವರೊಬ್ಬರು ಆಗಲೇ ಕಾಯ್ದುಕೊಂಡಿದ್ದರು.

ನಮ್ಮದು ಎಲೆಯ ಮನೆ. ತೋಟದವರಿಂದ ವೀಳ್ಯದೆಲೆ ಕೊಂಡು, ಆರಿಸಿ, ಕಟ್ಟಿ, ಹಾನಗಲ್ಲು, ಶಿಗ್ಗಾಂವಿ, ಹುಬ್ಬಳ್ಳಿಯ ಅಂಗಡಿಗಳಿಗೆ ಕಳಿಸುತ್ತೇವೆ. ಮಗ ಟೆಂಪೋ ಓಡಿಸಿ ಅದನ್ನು ಮುಟ್ಟಿಸುತ್ತಾನೆ. ನಾನು ಮೆಟ್ರಿಕ್ ತನಕ ಓದಿದವಳು. ಇಂಗ್ಲಿಷ್ ಅಕ್ಷರ ಗುರುತಿಸುತ್ತೇನೆ, ಕೂಡಿಸಿ ಓದುತ್ತೇನೆ, ಅರ್ಥ ಕೇಳಬಾರದು. ಹಾಗಿದ್ದೂ ಸೊಸೆಯ ಪ್ರಬಂಧ ಯಾವುದರ ಮೇಲೆ ಎಂದು ಯಾರಾದರೂ ಕೇಳಿದರೆ ಹೇಳಬಲ್ಲೆ. ಅವಳು ಬಂದ ಹೊಸತರಲ್ಲೇ ಒಲೆಯ ಮುಂದೆ ಕುಳಿತು ನನಗೆ ತಿಳಿಸಿಕೊಟ್ಟಿದ್ದಳು.

ಅವತ್ತು ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಬೇಯಿಸುತ್ತಿದ್ದಳು. ಕನ್ನಡದಲ್ಲಿ ಬಡ ಎನ್ನುವುದಕ್ಕೆ ‘ತನ’ ಹಚ್ಚಿದರೆ ಬಡತನ ಆಗುತ್ತದಲ್ಲ, ನಂಬು ಎನ್ನುವುದು ನಂಬಿಕೆ ಆಗುತ್ತದಲ್ಲ, ಹಾಗೆ ಇಂಗ್ಲಿಷಿನಲ್ಲೂ ಶಬ್ದದ ಕೊನೆಗೆ ಒಂದು ಚೂರು ಹಚ್ಚಿದರೆ ಶಬ್ದದ ಜಾತಿ ಬದಲಾಗುತ್ತದೆ ಎಂದಳು. ಡಾರ್ಕ್ ಎಂದರೆ ಕತ್ತಲಾದದ್ದು, ಅದು ಗುಣ ಹೇಳುವ ಶಬ್ದ. ಅದಕ್ಕೆ ನೆಸ್ ಹಚ್ಚಿದರೆ ಕತ್ತಲೆಯೇ ಒಂದು ವಸ್ತುವಾಯಿತು, ಹೆಸರಾಯಿತು. ಅರೇಂಜ್ ಎಂದರೆ ಮಾಡುವ ಕೆಲಸ. ಮೆಂಟ್ ಹಚ್ಚಿದರೆ ಆ ಕೆಲಸಕ್ಕೆ ಹೆಸರಿಟ್ಟ ಹಾಗೆ. ಸೈಲೆಂಟ್ ಎಂಬುದಕ್ಕೆ ಲಿ ಹಚ್ಚಿದರೆ ಕೆಲಸ ಹೇಗೆ ನಡೆಯಿತೆಂದು ಹೇಳುತ್ತದೆ. ಇಷ್ಟು ಎಲ್ಲ ವ್ಯಾಕರಣದ ಪುಸ್ತಕದಲ್ಲೂ ಇದೆ, ಅದನ್ನೇ ಬರೆದರೆ ಯಾರೂ ಪಿಎಚ್‌ಡಿ ಕೊಡುವುದಿಲ್ಲ ಎಂದೂ ಹೇಳಿದಳು. ಅವಳು ನೋಡುತ್ತಿದ್ದದ್ದು, ಕಥೆ ಬರೆಯುವವರು ಇದನ್ನು ಯಾವ ಜಾಗದಲ್ಲಿ ಮಾಡುತ್ತಾರೆ, ಮಾಡುವುದರಿಂದ ಕಥೆಗೆ ಏನಾಗುತ್ತದೆ ಎಂಬುದನ್ನು.

ಅದಕ್ಕೆ ಅವಳು ಕೊಟ್ಟ ಉದಾಹರಣೆ ನನಗೆ ಬಹಳ ಹಿಡಿಸಿತು. ಒಬ್ಬ ಮುದುಕನ ಕಥೆಯಂತೆ. ಹೆಂಡತಿ ತೀರಿಕೊಂಡ ಮೇಲೆ ಅವನು ಒಬ್ಬನೇ ಊಟಕ್ಕೆ ಕೂರುತ್ತಾನೆ. ಅವನು ಒಂಟಿಯಾಗಿದ್ದ ಎಂದು ಬರೆದಿದ್ದರೆ ಆಯಿತು, ಓದಿ ಮುಂದೆ ಹೋಗುತ್ತೇವೆ. ಆದರೆ ಅಲ್ಲಿ ಒಂಟಿತನ ಅವನೆದುರಿನ ಕುರ್ಚಿಯಲ್ಲಿ ಬಂದು ಕುಳಿತಿತು ಎಂದು ಬರೆದಿದೆ. ಗುಣವಾಗಿದ್ದದ್ದಕ್ಕೆ ಬಾಲ ಹಚ್ಚಿದ ಕೂಡಲೇ ಅದು ಎದ್ದು ಓಡಾಡುತ್ತದೆ, ಒಳಗೆ ಬರುತ್ತದೆ, ಕೂರುತ್ತದೆ, ಅದಕ್ಕೂ ಒಂದು ತಾಟು ಇಡಬೇಕಾಗುತ್ತದೆ. ಕಥೆಯಲ್ಲಿ ಮನುಷ್ಯರು ಕಡಿಮೆಯಾದ ಜಾಗದಲ್ಲೇ ಇಂಥ ಶಬ್ದಗಳು ಹೆಚ್ಚಾಗುತ್ತವೆ ಎನ್ನುವುದು ಅವಳು ಕಂಡುಕೊಂಡ ಸಂಗತಿ. ನಾನು ಬಡಿಯುವುದನ್ನು ಬಿಟ್ಟು ಕೇಳುತ್ತ ಕುಳಿತಿದ್ದೆ, ರೊಟ್ಟಿ ಒಂದು ಬದಿಗೆ ಹರಿದುಹೋಗಿತ್ತು.

ಆಯಿ, ಅಂದರೆ ನನ್ನ ಅತ್ತೆ, ಹೊಸ್ತಿಲ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಕಣ್ಣು ಮಬ್ಬು, ಕಿವಿ ಚುರುಕು.

“ಅತ್ತಿತನ ಅನ್ನೋದಕ್ಕ ನಿಮ್ಮ ಇಂಗ್ಲಿಷಿನ್ಯಾಗ ಏನಂತಾರವಾ?” ಎಂದಳು.

“ಅಲ್ಲಿ ಅದಕ್ಕ ಶಬ್ದನ ಇಲ್ರಿ ಆಯಿ. ಅತ್ತಿ-ಸೊಸಿ ಒಂದ ಮನ್ಯಾಗ ಇರಂಗಿಲ್ಲಲ್ಲ.”

“ಹಂಗಾರ ಪಾಪ, ಅವರಿಗೆ ಹೊತ್ತು ಹೆಂಗ ಹೋಗ್ತದ,” ಎಂದು ಆಯಿ ಎಲೆಗೆ ಸುಣ್ಣ ಸವರಿದಳು.

ಶಿಗ್ಗಾಂವಿಯ ಮೇಡಂ ಹಳೆಯ ಕಾಲದ ಪದ್ಧತಿಯವರು. ಕಂಪ್ಯೂಟರಿಗೆ ಆಮೇಲೆ ಹಾಕು, ಮೊದಲು ಒಂದೊಂದು ಶಬ್ದಕ್ಕೂ ಒಂದೊಂದು ಚೀಟಿ ಬರೆ ಎಂದಿದ್ದರು. ಅದಕ್ಕೆ ನಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರು, ಲಗ್ನಪತ್ರಿಕೆ ಯಾವುದೂ ರದ್ದಿಗೆ ಹೋಗುತ್ತಿರಲಿಲ್ಲ. ಅವುಗಳ ಹಿಂಬದಿಯನ್ನು ಅಂಗೈ ಅಗಲ ಕತ್ತರಿಸಿ ಚೀಟಿ ಮಾಡುತ್ತಿದ್ದಳು. ಮೇಲೆ ಶಬ್ದ, ಅದರ ಕೆಳಗೆ ಅದು ಬಂದ ಪೂರ್ತಿ ವಾಕ್ಯ, ಮೂಲೆಯಲ್ಲಿ ಪುಸ್ತಕದ ಗುರುತು ಮತ್ತು ಪುಟ. ಬರೆಯುವುದೆಲ್ಲ ನೀಲಿ ಬಾಲ್‌ಪೆನ್ನಿನಿಂದ. ಹಚ್ಚಿದ ಬಾಲವನ್ನು ಮಾತ್ರ, ಅದೇ ಅವಳ ಭಾಷೆಯಲ್ಲಿ ಪ್ರತ್ಯಯ, ಕೆಂಪು ಶಾಯಿಯಿಂದ ಬರೆಯುತ್ತಿದ್ದಳು, ಮೇಲಿನ ಶಬ್ದದಲ್ಲೂ, ವಾಕ್ಯದೊಳಗೂ. ನೋಡಿದ ಕೂಡಲೇ ಕಣ್ಣಿಗೆ ಬೀಳಬೇಕು ಅಂತ.

ಚೀಟಿಗಳನ್ನು ಮೊದಲು ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಿದ್ದಳು. ಬೇಸಿಗೆಗೆ ಅವು ಕರಗಿ ಕಾಗದಕ್ಕೆ ಅಂಟಿಕೊಂಡವು. ಅದನ್ನು ಕಂಡು ಆಯಿಯೇ ಮುಂದೆ ಬಂದಳು. ಎಲೆ ಕಟ್ಟುವ ಬಾಳೆನಾರು ತಂದು, ಚೀಟಿಗಳನ್ನು ಅಂಚು ಕೂಡಿಸಿ ತಟ್ಟಿ, ಎಲೆಯ ಕಟ್ಟಿನ ಹಾಗೆಯೇ ಸುತ್ತಿ ಗಂಟು ಹಾಕಿದಳು. ಆಯಿ ಹಾಕಿದ ಗಂಟು ಜಗ್ಗಿದರೆ ಬಿಗಿಯುತ್ತದೆ, ತುದಿ ಹಿಡಿದು ಎಳೆದರೆ ತಾನೇ ಬಿಚ್ಚಿಕೊಳ್ಳುತ್ತದೆ. ಸೊಸೆಗೆ ಬಹಳ ಅನುಕೂಲವಾಯಿತು. ಅವತ್ತಿನಿಂದ ಕಟ್ಟುವ ಕೆಲಸ ಆಯಿಯದು. ಅಂಗೈ ಅಗಲದ ಚೀಟಿ, ಬಾಳೆನಾರಿನ ಕಟ್ಟು. ದೂರದಿಂದ ನೋಡಿದರೆ ಯಾವುದು ಎಲೆ, ಯಾವುದು ಇಂಗ್ಲಿಷು ಎಂದು ನನಗೂ ತಿಳಿಯುತ್ತಿರಲಿಲ್ಲ.

ಎಲೆಕೋಣೆ ನಮ್ಮ ಮನೆಯ ಹಿಂಬದಿಗಿದೆ. ದಪ್ಪ ಮಣ್ಣಿನ ಗೋಡೆ, ಕಿಟಕಿ ಇಲ್ಲ, ಹೊರಗೆ ಎಷ್ಟು ಬಿಸಿಲಿದ್ದರೂ ಒಳಗೆ ತಂಪು. ಈ ಬೇಸಿಗೆಯಲ್ಲಿ ಸೊಸೆಯ ಕೋಣೆಯ ತಗಡು ತೆಗೆದು ಹೆಂಚು ಹೊದಿಸಲು ಶುರುಮಾಡಿದೆವು. ಅದೇ ಹೊತ್ತಿಗೆ ಅವಳ ತವರುಮನೆ ಮಾಸೂರಿನಲ್ಲಿ ತಂಗಿಯ ಕೂಸಿನ ತೊಟ್ಟಿಲ ಕಾರ್ಯ ಬಂತು. ಧೂಳು, ಇಲಿ, ಗವಂಡಿಯವರ ಓಡಾಟ ಯಾವುದೂ ಇಲ್ಲದ ಜಾಗವೆಂದು ಅವಳು ಚೀಟಿಯ ಕಟ್ಟುಗಳನ್ನು ಒಂದು ಬುಟ್ಟಿಯಲ್ಲಿ ಜೋಡಿಸಿ, ಮೇಲೆ ಒಣ ಗೋಣಿತಟ್ಟು ಮುಚ್ಚಿ, ಎಲೆಕೋಣೆಯ ಮೂಲೆಯಲ್ಲಿಟ್ಟು ಮಾಸೂರಿಗೆ ಹೋದಳು. ಪ್ರಬಂಧದ ಅರ್ಧ ಟೈಪಾಗಿತ್ತು. ಉಳಿದರ್ಧ ಆ ಬುಟ್ಟಿಯಲ್ಲಿತ್ತು.

ಎಲೆಯ ಮನೆಯಲ್ಲಿ ಸಂಜೆಯಾದರೆ ಒಂದು ಕೆಲಸ ತಪ್ಪುವುದಿಲ್ಲ. ಬುಟ್ಟಿಗಳ ಮೇಲೆ ನೀರು ಚಿಮುಕಿಸಿ, ಗೋಣಿತಟ್ಟು ತೋಯಿಸಿ ಹೊದಿಸಬೇಕು. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಎಲೆ ಬಾಡುತ್ತದೆ. ನಾನು ಈ ಮನೆಗೆ ಬರುವ ಮೊದಲಿನಿಂದಲೂ ಅದು ಆಯಿಯ ಕೆಲಸ. ತಂಬಿಗೆ ಹಿಡಿದು ಒಳಗೆ ಹೋಗುತ್ತಾಳೆ, ದೀಪವನ್ನೂ ಹಚ್ಚುವುದಿಲ್ಲ. ಕೈಯಿಂದ ಬುಟ್ಟಿ ಮುಟ್ಟುತ್ತಾಳೆ, ತಟ್ಟು ಸರಿಸುತ್ತಾಳೆ, ಕಟ್ಟಿನ ಮೇಲೆ ಕೈಯಾಡಿಸುತ್ತಾಳೆ, ನೀರು ಹೊಡೆಯುತ್ತಾಳೆ, ಮುಂದಿನ ಬುಟ್ಟಿಗೆ ಹೋಗುತ್ತಾಳೆ. ಬಾಳೆನಾರು ಕೈಗೆ ಹತ್ತಿತು ಅಂದರೆ ಅದು ಎಲೆ. ಮೂಲೆಯ ಬುಟ್ಟಿಯ ತಟ್ಟು ಒಣಗಿದ್ದು ಕೈಗೆ ತಿಳಿದು, ನಿನ್ನೆ ಇದನ್ನು ಬಿಟ್ಟೆನೇನೋ ಎಂದುಕೊಂಡು ಅದಕ್ಕೆ ಎರಡು ಬೊಗಸೆ ಹೆಚ್ಚಿಗೇ ಹೊಡೆದಿದ್ದಾಳೆ. ಸೊಸೆ ಮಾಸೂರಿನಲ್ಲಿದ್ದಷ್ಟು ದಿನವೂ ಸಂಜೆ ಸಂಜೆ ಇದು ನಡೆದಿದೆ.

ಸೊಸೆ ಮರಳಿ ಬಂದು ಕೈಕಾಲು ತೊಳೆದವಳೇ ಎಲೆಕೋಣೆಗೆ ಹೋದಳು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಚಹಾ ಆರುತ್ತದೆಂದು ಕರೆಯಲು ಹೋದೆ. ಅವಳು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಕೈಯಲ್ಲಿ ಒಂದು ಕಟ್ಟು. ಬೆರಳೆಲ್ಲ ಕೆಂಪಾಗಿತ್ತು. ನೀಲಿ ಬರಹ ಇದ್ದಲ್ಲೇ ಇತ್ತು. ಕೆಂಪು ಶಾಯಿ ಒಂದು ಚೀಟಿಯಿಂದ ಇನ್ನೊಂದಕ್ಕೆ ಇಳಿದು, ಬುಟ್ಟಿಯ ತಳದಲ್ಲಿ ಯಾರೋ ಎಲೆಅಡಿಕೆ ಉಗುಳಿದ ಹಾಗೆ ನಿಂತಿತ್ತು. ಶಬ್ದಗಳೆಲ್ಲ ಉಳಿದಿದ್ದವು, ಅವುಗಳ ಬಾಲ ಮಾತ್ರ ತೊಳೆದುಹೋಗಿತ್ತು. ಅವಳಿಗೆ ಬೇಕಾಗಿದ್ದದ್ದು ಬಾಲವೇ.

ಅವಳು ಅಳಲಿಲ್ಲ. ಯಾರು ಮಾಡಿದರು ಎಂದೂ ಕೇಳಲಿಲ್ಲ. ಈ ಮನೆಯಲ್ಲಿ ನೀರು ಹೊಡೆಯುವವರು ಯಾರೆಂದು ಅವಳಿಗೆ ಗೊತ್ತಿತ್ತು.

ಆಯಿಗೆ ಹೇಳಬೇಕಾದವಳು ನಾನೇ ಆದೆ. ಮೊದಲು ಅವಳು ಒಪ್ಪಲಿಲ್ಲ.

“ನಾ ಎಲಿಗೆ ನೀರು ಹೊಡ್ದೇನಿ. ಕಾಗದಕ್ಕ ಯಾಕ ಹೊಡೀಲಿ? ನನಗೇನು ಹುಚ್ಚ ಹಿಡದೈತೇನು?”

ಕಟ್ಟೊಂದನ್ನು ತಂದು ಕೈಯಲ್ಲಿಟ್ಟೆ. ಬೆರಳಿನಿಂದ ನಾರು ಮುಟ್ಟಿದಳು, ತನ್ನದೇ ಗಂಟು ಮುಟ್ಟಿದಳು, ಒದ್ದೆ ಕಾಗದದ ಅಂಚು ಮುಟ್ಟಿದಳು. ಸೆರಗಿನಿಂದ ಕೈ ಒರೆಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಕುಳಿತಳು.

ಯಜಮಾನರು ಸಂತೆಯಿಂದ ಬಂದು ವಿಷಯ ಕೇಳಿ, ಇನ್ನೊಂದೆರಡು ದಿನ ಬಿಟ್ಟಿದ್ದರೆ ಚೀಟಿ ಚಿಗುರು ಒಡೆಯುತ್ತಿದ್ದವು ಎಂದರು. ಯಾರೂ ನಗದಿದ್ದದ್ದು ಕಂಡು ಚಪ್ಪಲಿಯನ್ನೂ ಬಿಡದೆ ಹೊರಗೆ ಹೋಗಿ, ಪಕ್ಕದ ಮನೆಯ ಹೊರಸು, ಮೊರ, ಚಾಪೆ ಎಲ್ಲ ಕೇಳಿ ತಂದರು. ಚೀಟಿಗಳನ್ನು ಬಿಡಿಸಿ ನೆರಳಿನಲ್ಲಿ ಹರಡಿದೆವು. ಗಾಳಿ ಬಂದರೆ ಹಾರುತ್ತವೆಂದು ಒಂದೊಂದರ ಮೇಲೂ ಹುಣಸೆಬೀಜ ಇಟ್ಟೆವು. ಪಡಸಾಲೆ, ಅಂಗಳ, ಅಟ್ಟ ಎಲ್ಲಿ ನೋಡಿದರೂ ಚೀಟಿ. ಎರಡು ದಿನ ಮನೆಯಲ್ಲಿ ಎಲ್ಲರೂ ತುದಿಗಾಲಲ್ಲಿ ನಡೆದೆವು.

ಒಣಗಿದ ಮೇಲೆ ಆರಿಸಲು ಕುಳಿತೆವು. ಬಹಳಷ್ಟು ಚೀಟಿಗಳಲ್ಲಿ ಕಳೆದುಹೋದದ್ದು ಯಾವುದೆಂದು ವಾಕ್ಯ ಓದಿದರೆ ಅವಳಿಗೆ ತಿಳಿಯುತ್ತಿತ್ತು. ಶಬ್ದ ಹೆಸರಿನ ಜಾಗದಲ್ಲಿ ನಿಂತಿದ್ದರೆ ನೆಸ್, ಕೆಲಸದ ಪಕ್ಕದಲ್ಲಿದ್ದರೆ ಲಿ. ಪ್ಲೇಟು ಎಲ್ಲಿಟ್ಟಿದ್ದಾರೆ ಎಂದು ನೋಡಿ ಯಾರು ಊಟಕ್ಕೆ ಬರುವವರಿದ್ದರು ಎಂದು ಹೇಳಿದ ಹಾಗೆ. ಮಗ ಟೆಂಪೋ ನಿಲ್ಲಿಸಿ ಬಂದು ಅದನ್ನು ನೋಡಿ, ಹಾಗಿದ್ದರೆ ಇನ್ನೇನು, ಎಲ್ಲ ಬರೆದುಬಿಡು, ಒಂದು ವಾರದ ಕೆಲಸ ಎಂದ. ಸೊಸೆ ಒಂದು ಚೀಟಿ ಅವನ ಮುಂದಿಟ್ಟಳು. ಅದರಲ್ಲಿ ಹೋಪ್ ಎಂಬ ಶಬ್ದ, ಮುಂದೆ ಖಾಲಿ. ಒಬ್ಬ ಹೆಂಗಸು ಕಿಟಕಿಯಲ್ಲಿ ನಿಂತು ದಾರಿ ನೋಡುತ್ತಿದ್ದಾಳೆ, ಅವಳ ಮುಖದ ಬಗ್ಗೆ ಬರೆದ ವಾಕ್ಯ. ಅಲ್ಲಿ ಫುಲ್ ಬಂದರೂ ಸರಿಹೋಗುತ್ತದೆ, ಲೆಸ್ ಬಂದರೂ ಸರಿಹೋಗುತ್ತದೆ. ಒಂದಾದರೆ ಅವಳಿಗೆ ಆಸೆ ಇದೆ, ಇನ್ನೊಂದಾದರೆ ಆಸೆ ಬಿಟ್ಟಿದ್ದಾಳೆ. ಬರೆದುಕೊಂಡು ಎರಡು ವರ್ಷದ ಮೇಲಾಗಿತ್ತು, ಸೊಸೆಗೆ ನೆನಪಿರಲಿಲ್ಲ.

“ಯಾವುದಾರ ಒಂದು ಬರಿ. ಆ ಹೆಣ್ಮಗಳು ಬಂದು ಕೇಳ್ತಾಳೇನು?” ಎಂದ ಮಗ.

“ಕೇಳಂಗಿಲ್ಲಂತನ ಬರಿಯಾಕ ಬರಂಗಿಲ್ಲ,” ಎಂದಳು ಸೊಸೆ. “ಇದೊಂದು ಗೊತ್ತಾಗಂಗಿಲ್ಲ ಅಂತ ನಮಗ ಗೊತ್ತಾತು. ಉಳಿದಾವು ಗೊತ್ತದಾವ ಅಂತ ಅನ್ಕೊಂಡೇನಲ್ಲ, ಅದರಾಗ ಎಷ್ಟು ತಪ್ಪದಾವೋ. ಎಲ್ಲಾ ಪುಸ್ತಕದಾಗ ನೋಡೇ ಬರೀಬೇಕು.”

ಅವನು ತಲೆ ಕೆರೆದುಕೊಂಡು, ಕಾಲೇಜು ಶುರುವಾಗುವುದರೊಳಗೆ ಆಗುತ್ತದೇನು ಎಂದು ಕೇಳಿದ. ಅವಳು ಪುಸ್ತಕವಾರು ಚೀಟಿ ಬೇರೆ ಮಾಡತೊಡಗಿದಳು. ಪುಟದ ಗುರುತು ನೀಲಿಯಲ್ಲಿದ್ದದ್ದು ನಮ್ಮ ಪುಣ್ಯ.

ಇಷ್ಟು ದಿನವೂ ಆಯಿ ಎಲೆಕೋಣೆಯ ಕಡೆ ಸುಳಿದಿರಲಿಲ್ಲ. ನೀರು ನಾನೇ ಹೊಡೆಯುತ್ತಿದ್ದೆ. ಎಲೆ ಹಾಕಿಕೊಳ್ಳುವುದನ್ನೂ ಬಿಟ್ಟಿದ್ದಳು. ಎಲೆಯ ಮನೆಯಲ್ಲಿ ಅದು ಉಪವಾಸಕ್ಕಿಂತ ಹೆಚ್ಚು. ಕೇಳಿದರೆ ಹಲ್ಲು ನೋವು ಎನ್ನುತ್ತಿದ್ದಳು. ಇರುವ ಹಲ್ಲೇ ನಾಲ್ಕು. ಸೊಸೆ ಚೀಟಿ ಬೇರೆ ಮಾಡಿದ ದಿನ ಮಧ್ಯಾಹ್ನ ಬಾಳೆನಾರು ತಂದು ಆಯಿಯ ಮಡಿಲಲ್ಲಿ ಹಾಕಿದಳು.

“ಕಟ್ಟಿ ಕೊಡ್ರಿ ಆಯಿ. ಹಾನಗಲ್ಲಿಗೆ ಒಯ್ಯೋದೈತಿ.”

“ನನ್ನ ಕೈಗೆ ಕೊಡಬ್ಯಾಡವಾ ಇನ್ನ.”

“ನೀವು ಒಲ್ಲೆ ಅಂದ್ರ ಯಾರು ಕಟ್ಟಬೇಕು? ನಾ ಹಾಕಿದ ಗಂಟು ಬಸ್ಸಿನ್ಯಾಗ ಬಿಚ್ಚಿ, ಶಬ್ದ ಎಲ್ಲಾ ಕಂಡಕ್ಟರ್ ಕಾಲಾಗ ಬೀಳ್ತಾವು.”

ಆಯಿ ನಾರನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ, “ಈ ಸಲ ದಾರದಾಗ ಕಟ್ತೇನಿ. ಅದೂ ಕೆಂಪು ದಾರ ತಾ. ನಾರು ಕೈಗೆ ಹತ್ತಿದ್ರ ನನ್ನ ಕೈ ತನ್ನ ಚಾಳಿ ಬಿಡಂಗಿಲ್ಲ,” ಎಂದಳು. ದಾರ ಕೊಟ್ಟೆ. ಕಟ್ಟಿದಳು. ಸಂಜೆ ಎಲೆ ಹಾಕಿಕೊಂಡಳು, ತಂಬಿಗೆ ಹಿಡಿದು ಎಲೆಕೋಣೆಗೂ ಹೋದಳು.

ಅಲ್ಲಿಂದ ಸೊಸೆಗೆ ರಜೆಯ ದಿನಗಳೆಲ್ಲ ಹಾನಗಲ್ಲಿನ ಕಾಲೇಜಿನ ಗ್ರಂಥಾಲಯದಲ್ಲೇ ಹೋದವು. ಒಂದೊಂದು ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ನಾನು ಚೀಟಿ ನೋಡಿ ಪುಟ ಹೇಳುವುದು, ಅವಳು ಪುಸ್ತಕದಲ್ಲಿ ಹುಡುಕಿ ಬಾಲ ಹೇಳುವುದು, ನಾನು ಅದನ್ನು ಕಪ್ಪು ಬಾಲ್‌ಪೆನ್ನಿನಿಂದ ಚೀಟಿಯಲ್ಲಿ ತುಂಬುವುದು. ಈ ಸಲ ಕೆಂಪು ಶಾಯಿ ಇಲ್ಲ, ಕೆಳಗೆ ಗೆರೆ. ಕೆಲವು ದಿನವಾದ ಮೇಲೆ ನನಗೂ ಗುರುತು ಹತ್ತತೊಡಗಿತು. ನೆಸ್ ಬಂತೆಂದರೆ ಕಥೆಯಲ್ಲಿ ಯಾರೋ ಸುಮ್ಮನೆ ಕುಳಿತಿದ್ದಾರೆ. ಲಿ ಬಂತೆಂದರೆ ಯಾರೋ ಎದ್ದು ಏನೋ ಮಾಡುತ್ತಿದ್ದಾರೆ. ಇದನ್ನು ಹೇಳಿದಾಗ ಸೊಸೆ, ಎಲ್ಲ ಕಡೆ ಹಾಗಿಲ್ಲ ಎಂದು ನಾಲ್ಕು ಚೀಟಿ ತೆಗೆದು ತೋರಿಸಿದಳು. ನಾನು ಅಲ್ಲಿಗೇ ಬಿಟ್ಟೆ.

ಕಿಟಕಿಯ ಹೆಂಗಸಿನ ಚೀಟಿ ಹಾನಗಲ್ಲಿನಲ್ಲೇ ಬಗೆಹರಿಯಿತು. ಪುಸ್ತಕದಲ್ಲಿ ಇದ್ದದ್ದು ಫುಲ್. ಸೊಸೆ ಇಷ್ಟು ದಿನ ಲೆಸ್ ಇರಬೇಕು ಎಂದುಕೊಂಡಿದ್ದಳಂತೆ. ಪುಸ್ತಕ ನನ್ನ ಕಡೆ ತಿರುಗಿಸಿ ಶಬ್ದ ತೋರಿಸಿದಳು. ಮಗನಿಗೆ ಫೋನು ಹಚ್ಚಿ ಹೇಳಿದೆ. ಅವನು ಹುಬ್ಬಳ್ಳಿಯಲ್ಲಿ ಎಲೆ ಇಳಿಸುತ್ತಿದ್ದ. ಒಳ್ಳೆಯದಾಯಿತು ಎಂದ.

ಉಳಿದದ್ದು ಒಂದೇ ಪುಸ್ತಕ. ಅದೊಂದು ಹಳೆಯ ಕಥಾಸಂಕಲನ, ಹಿರೇಕೆರೂರಿನ ವಾಚನಾಲಯದ್ದು. ಮದುವೆಗೆ ಮುಂಚೆ, ಮಾಸೂರಿನಿಂದ ದಿನಾ ಅಲ್ಲಿಗೆ ಹೋಗಿ ಕುಳಿತು ಓದಿದ್ದು. ಒಂಟಿತನ ಕುರ್ಚಿಯಲ್ಲಿ ಬಂದು ಕೂರುವ ಕಥೆ ಇದ್ದದ್ದು ಅದರಲ್ಲೇ. ಇಬ್ಬರೂ ಹೋದೆವು. ಅಲ್ಲಿನವರು ರಿಜಿಸ್ಟರ್ ತೆಗೆದು ನೋಡಿದರು. ಓದಲು ಒಯ್ದವರೊಬ್ಬರು ಊರು ಬಿಟ್ಟು ಹೋಗಿ ಬಹಳ ದಿನವಾಗಿತ್ತು, ಪುಸ್ತಕ ಮರಳಿರಲಿಲ್ಲ. ಸೊಸೆ ಫೋನಿನಲ್ಲಿ ಹುಡುಕಿದಳು, ಗೆಳತಿಯರನ್ನು ಕೇಳಿದಳು, ಧಾರವಾಡಕ್ಕೂ ಹೇಳಿಕಳಿಸಿದಳು. ಎಲ್ಲೂ ಸಿಗಲಿಲ್ಲ. ಬರುವಾಗ ಮಾಸೂರಿನ ಮನೆಗೆ ಹೋಗಿ ಉಂಡು ಹೋಗೋಣ ಎಂದೆ. ಬೇಡ ಎಂದಳು. ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ-ಮಂಡಕ್ಕಿ ತಿಂದೆವು. ಅವಳು ಮಿರ್ಚಿಯನ್ನು ಹಾಗೇ ಬಿಟ್ಟಳು, ನಾನೇ ತಿಂದೆ.

ಆ ಪುಸ್ತಕದ ಚೀಟಿಗಳನ್ನು ಬೇರೆ ಕಟ್ಟಿನಲ್ಲಿ ಖಾಲಿಯೇ ಇಟ್ಟಳು. ಒಂಟಿತನದ ಚೀಟಿಯನ್ನಾದರೂ ತುಂಬು, ಅದು ನಿನಗೆ ಬಾಯಿಪಾಠ ಇದೆ, ನನಗೂ ಇದೆ ಎಂದೆ. ಬಾಯಿಪಾಠ ಇದ್ದದ್ದಕ್ಕೇ ಹೆದರಿಕೆ ಎಂದಳು. ಲೆಸ್ ಎಂದುಕೊಂಡದ್ದು ಫುಲ್ ಆಗಿತ್ತಲ್ಲ.

ಇವತ್ತು ಬೆಳಿಗ್ಗೆ ಎಲ್ಲ ಕಟ್ಟುಗಳನ್ನೂ ಟೈಪಾದ ಪ್ರಬಂಧವನ್ನೂ ಚೀಲದಲ್ಲಿ ಹಾಕಿಕೊಂಡು ಹೋದವಳು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ನಾನು ಮುಖ ನೋಡಿದೆ, ಏನೂ ತಿಳಿಯಲಿಲ್ಲ. ನೀರು ಕೊಟ್ಟೆ. ಕುಡಿದು, ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತು ಹೇಳಿದಳು.

ಮೇಡಂ ಮೊದಲು ಪ್ರಬಂಧ ಓದಲಿಲ್ಲವಂತೆ. ಚೀಟಿ ತೆಗೆ ಎಂದರಂತೆ. ಎಲ್ಲ ಚೀಟಿಯ ಮೇಲೂ ತೆಳುಗೆಂಪು ಕಲೆ, ಎರಡು ಬಣ್ಣದ ಬಾಲ್‌ಪೆನ್ನು, ಎರಡು ಕೈಯ ಬರಹ. ಇದೇನು ಎಂದು ಕೇಳಿದರಂತೆ. ಇವಳು ಏನನ್ನೂ ಮುಚ್ಚಿಡದೆ ಎಲೆಕೋಣೆ, ಬಾಳೆನಾರು, ಆಯಿ, ಎಲ್ಲ ಹೇಳಿದ್ದಾಳೆ. ಅವರು ನಗಲಿಲ್ಲ. ಒಂದು ಕಟ್ಟು ಎಳೆದು, ನಡುವಿನಿಂದ ನಾಲ್ಕಾರು ಚೀಟಿ ತೆಗೆದು, ತಮ್ಮ ಕಪಾಟಿನಲ್ಲಿದ್ದ ಪುಸ್ತಕಕ್ಕೆ ತಾಳೆ ಹಾಕಿ ನೋಡಿದರು. ಎಲ್ಲ ಸರಿಯಿದ್ದವು. ಕೊನೆಗೆ ಬೇರೆ ಇಟ್ಟಿದ್ದ ಕಟ್ಟು ಬಿಚ್ಚಿದರು. ಖಾಲಿ ಚೀಟಿಗಳು. ಮೇಲಿದ್ದದ್ದೇ ಆ ಕುರ್ಚಿಯ ವಾಕ್ಯ.

“‘ಇಲ್ಲಿ ಬ್ಯಾರೆ ಏನು ಬರಾಕ ಸಾಧ್ಯ ಐತಿ? ತುಂಬಬಹುದಿತ್ತಲ್ಲ’ ಅಂದ್ರು,” ಎಂದಳು ಸೊಸೆ. “ನಾ ಅಂದೆ, ಗೊತ್ತಿರೋದು ಬ್ಯಾರೆ, ನೋಡಿ ಬರಿಯೋದು ಬ್ಯಾರೆ ರಿ ಮೇಡಂ, ಪುಸ್ತಕ ಸಿಕ್ಕಿಲ್ಲ ಅಂತ.”

ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತ ಕುಳಿತರಂತೆ. ಆ ಹೊತ್ತಿನಲ್ಲಿ ತನಗೆ ಹಾನಗಲ್ಲಿನ ಕ್ಲಾಸ್‌ರೂಮು, ಮುಂದಿನ ಬೆಂಚಿನ ಹುಡುಗಿಯರು ಎಲ್ಲ ಕಣ್ಣ ಮುಂದೆ ಬಂದರು ಎಂದಳು. ಆಮೇಲೆ ಅವರು ಪ್ರಬಂಧ ತೆಗೆದು, ಆ ಪುಸ್ತಕದ ಮೇಲಿನ ಅಧ್ಯಾಯವನ್ನು ಪೂರ್ತಿ ಬೇರೆ ಮಾಡಿ ಅವಳ ಕೈಗೆ ಕೊಟ್ಟರು. ಇದನ್ನು ಬಿಡು, ಉಳಿದದ್ದು ನಿಲ್ಲುತ್ತದೆ ಎಂದರು. ಪುಸ್ತಕ ಸಿಗದ್ದರಿಂದ ಆ ಕಥೆಗಳನ್ನು ಸೇರಿಸಿಲ್ಲ ಎಂದು ಮುನ್ನುಡಿಯಲ್ಲಿ ಒಂದು ವಾಕ್ಯ ಬರೆ, ನೀರಿನ ಕಥೆಯೇನೂ ಬೇಡ ಎಂದರು. ಸಹಿ ಮಾಡಿದರು.

“ಮಾಡಿದ್ರಾ?” ಎಂದರು ಯಜಮಾನರು. ಅವರು ಇಷ್ಟು ಹೊತ್ತು ಎಲೆ ಆರಿಸುವ ನೆಪದಲ್ಲಿ ಒಂದೇ ಎಲೆಯನ್ನು ಹಿಡಿದುಕೊಂಡಿದ್ದರು.

“ಮಾಡಿದ್ರು ರಿ. ಸೋಮವಾರ ಬೈಂಡ್ ಮಾಡಿಸಿ ಕೊಟ್ಟು ಬರ್ತೇನಿ. ಪ್ರಿನ್ಸಿಪಾಲರಿಗೆ ಫೋನಿನ್ಯಾಗ ಹೇಳೇನಿ.”

ಪ್ರಿನ್ಸಿಪಾಲರು, ಪ್ರಬಂಧ ಸಲ್ಲಿಸಿದ ರಸೀದಿ ತಂದು ತೋರಿಸಿದರೆ ಸಾಕು, ವೇಳಾಪಟ್ಟಿಯಲ್ಲಿ ನಿಮ್ಮ ಹೆಸರು ಹಾಕುತ್ತೇವೆ ಎಂದಿದ್ದಾರೆ. ಅಷ್ಟಾಯಿತು. ಆದರೆ ಅವಳ ತೊಡೆಯ ಮೇಲೆ ಆ ಬಿಡಿಸಿದ ಹಾಳೆಗಳು ಇನ್ನೂ ಇದ್ದವು. ಅವಳ ಪ್ರಬಂಧದಲ್ಲಿ ನನಗೆ ತಿಳಿದದ್ದು ಅದೊಂದೇ ಅಧ್ಯಾಯ. ಅವಳಿಗೂ ಬಹಳ ಬೇಕಾದದ್ದು ಅದೇ ಎಂದು ನನಗೆ ಗೊತ್ತಿತ್ತು. ಅವಳು ಅವನ್ನು ಜೋಡಿಸಿ, ಮೂಲೆ ಸರಿಮಾಡಿ, ಇನ್ನೇನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡಿದ್ದಳು.

ಆಯಿ ಕೇಳಿಸಿಕೊಂಡು ಹತ್ತಿರ ಸರಿದಳು.

“ನನ್ನಿಂದ ಹೋತಲ್ಲವಾ ಅದು.”

ಸೊಸೆ ಇಲ್ಲ ಎನ್ನಲಿಲ್ಲ. ಹೌದು ಎಂದಳು. “ಹೌದ್ರಿ ಆಯಿ, ಅದೊಂದು ಹೋತು. ಪುಸ್ತಕ ಸಿಕ್ಕಾಗ ಬ್ಯಾರೆ ಲೇಖನ ಬರದ್ರಾತು.”

“ಸಿಗಲಿಲ್ಲಂದ್ರ?”

“ಸಿಗಲಿಲ್ಲಂದ್ರ ಬರಿಯಂಗಿಲ್ಲ.”

ಆಯಿ ಅವಳ ಮೊಣಕಾಲ ಮೇಲೆ ಕೈಯಿಟ್ಟು ಕುಳಿತಳು. ನನಗೆ ಸೊಸೆ ಹೌದು ಎಂದದ್ದೇ ಸರಿ ಅನ್ನಿಸಿತು. ಇಲ್ಲ ಬಿಡ್ರಿ ಎಂದಿದ್ದರೆ ಆಯಿ ಅದನ್ನು ನಂಬುತ್ತಿರಲಿಲ್ಲ, ಇನ್ನೂ ಎಷ್ಟು ದಿನ ಮನಸ್ಸಿನಲ್ಲೇ ತಿರುವುತ್ತಿದ್ದಳೋ. ಹಾಳೆಗಳನ್ನು ನಾನೇ ಸೊಸೆಯ ಕೈಯಿಂದ ಇಸಕೊಂಡು, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅವಳ ಹೊಸ ಹೆಂಚಿನ ಕೋಣೆಯ ಕಪಾಟಿನ ಮೇಲಿನ ಖಾನೆಯಲ್ಲಿಟ್ಟೆ.

ಆಮೇಲೆ ಊಟಕ್ಕೆ ಕುಳಿತೆವು. ಬೆಳಗಿನ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಮಗ ಬರುವಾಗ ಶಿಗ್ಗಾಂವಿಯಿಂದ ಜಿಲೇಬಿ ತಂದಿದ್ದ. ಆರಿಹೋಗಿತ್ತು, ಆದರೂ ತಿಂದೆವು. ಸೊಸೆ ಮಧ್ಯಾಹ್ನದ ಬುತ್ತಿಯನ್ನು ಹಾಗೇ ಮರಳಿ ತಂದಿದ್ದಳು, ಅದನ್ನೂ ಬಿಚ್ಚಿ ಉಂಡಳು. ಕೈ ತೊಳೆದು ಬಂದವಳು ಚಾಪೆ ಹಾಸುವ ಮೊದಲೇ ಗೋಡೆಗೆ ತಲೆ ಆನಿಸಿ ನಿದ್ದೆ ಹೋದಳು. ಅವಳೇ ಮೊದಲು ಮಲಗಿದ್ದು. ಆಮೇಲೆ ಆಯಿ, ಆಮೇಲೆ ಮಗ. ಯಜಮಾನರು ನಾಳೆಯ ಎಲೆ ಯಾವ ಊರಿಗೆ ಎಷ್ಟು ಎಂದು ಹೇಳುತ್ತ ಹೇಳುತ್ತ ಮಾತಿನ ನಡುವೆಯೇ ನಿದ್ದೆ ಹೋದರು. ನಾನು ಪಾತ್ರೆ ತೊಳೆದಿಟ್ಟು ದೀಪ ಆರಿಸಿದೆ.